ಎಂಟು ಮಂದಿ ಕೇಳಿ ಆದ ಮೇಲೆ ನಾನೂ ಕೇಳಬೇಕಾ? ವಾರ್ಡಿನಲ್ಲಿ ಕಲಿಯುವ ಬಗ್ಗೆ

ಪೆರ್ಲದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೇನೆ. ಹತ್ತನೇ ತರಗತಿವರೆಗೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಕನ್ನಡ ಮಾಧ್ಯಮದಲ್ಲೇ ಓದಿದವಳು. ಈಗ ಇರುವುದು ಕೇರಳದಲ್ಲೇ, ಊರಿನಿಂದ ತೆಂಕಕ್ಕೆ ದೂರದ ಒಂದು ಕಾಲೇಜಿನಲ್ಲಿ. ದಿನಾ ಬೆಳಿಗ್ಗೆ 9ರಿಂದ 12ರ ತನಕ ವಾರ್ಡಿನಲ್ಲಿ ಪೋಸ್ಟಿಂಗ್. ಸದ್ಯ ಮೆಡಿಸಿನ್ ನಡೆಯುತ್ತಿದೆ.

ಕಳೆದ ವಾರ ಹೆಂಗಸರ ವಾರ್ಡಿಗೆ ಒಬ್ಬರು ಅಜ್ಜಿ ಬಂದರು. ಮುಳ್ಳೇರಿಯಾ ಕಡೆಯವರು. ಮನೆ ಮಾತು ತುಳು. ಮಲಯಾಳ ಕೇಳಿದರೆ ಅರ್ಥ ಆಗುತ್ತದೆ, ಮಾತಾಡಲು ಬರುವುದಿಲ್ಲ. ಹಾರ್ಟ್ ಫೇಲ್ಯೂರ್ ಇರುವುದು ಮೊದಲೇ ಗೊತ್ತಿತ್ತು. ಈ ಸಲ ಕಾಲು ಬೀಗಿ, ಉಸಿರು ಕಟ್ಟಿ ಬಂದದ್ದು. ನಮ್ಮ ಬ್ಯಾಚಿನ ಎಂಟು ಮಂದಿ ಹಿಸ್ಟರಿ, ಅಂದರೆ ಕಾಯಿಲೆಯ ವಿವರ, ಕೇಳಿ ಆಗಿತ್ತು. ಅಜ್ಜಿಯ ಸೊಸೆ ಮಲಯಾಳದಲ್ಲಿ ಉತ್ತರ ಕೊಟ್ಟಿದ್ದರು. ಮಾತ್ರೆ ಸರಿಯಾಗಿ ತಗೊಳ್ತಾರಾ? ಹೌದು. ಎಷ್ಟು ದಿಂಬು ಇಟ್ಟು ಮಲಗ್ತಾರೆ? (ಮಲಗಿದರೆ ಉಸಿರು ಕಟ್ಟುವವರು ದಿಂಬು ಜಾಸ್ತಿ ಇಡುತ್ತಾರೆ.) ಒಂದು. ಎಲ್ಲರ ಪುಸ್ತಕದಲ್ಲೂ ಅದೇ ಇತ್ತು. "ಹಾಗಾದರೆ ಈಗ ಯಾಕೆ ಜಾಸ್ತಿ ಆಯಿತು?" ಅಂತ ಸರ್ ಕೇಳಿದರು. ಯಾರೂ ಮಾತಾಡಲಿಲ್ಲ.

ಒಂಬತ್ತನೆಯವಳಾಗಿ ನಾನು ಹೋದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ "ಏತ್ ಸರ್ತಿ ಪಣ್ಪುನಿ ಮಗಾ" ಎಂದರು. ಎಷ್ಟು ಸಲ ಹೇಳುವುದು ಅಂತ. ನನಗೆ ತುಂಬ ನಾಚಿಕೆ ಆಯಿತು. ಪುಸ್ತಕ ಮುಚ್ಚಿ ಬದಿಗಿಟ್ಟೆ. ತುಳುವಿನಲ್ಲೇ ಮನೆ ಎಲ್ಲಿ, ತೋಟ ಉಂಟಾ, ಮಳೆ ಹೇಗೆ ಅಂತ ಕೇಳಿದೆ. ಅಜ್ಜಿ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಮತ್ತೆ ಅವರೇ ಹೇಳುತ್ತಾ ಹೋದರು. ದಿಂಬು ಒಂದೇ, ನಿಜ. ಆದರೆ ಅದು ತಲೆಗೆ ಅಲ್ಲ, ಬೆನ್ನಿಗೆ. ಒಂದು ತಿಂಗಳಿಂದ ಚಾವಡಿಯ ಗೋಡೆಗೆ ಒರಗಿ, ಕುಳಿತುಕೊಂಡೇ ನಿದ್ದೆ ಮಾಡುತ್ತಿದ್ದರಂತೆ. ಮೈಯಲ್ಲಿ ತುಂಬಿದ ನೀರು ಇಳಿಸಲು ಕೊಟ್ಟ, ಮೂತ್ರ ಹೋಗುವ ಮಾತ್ರೆಯನ್ನು ಪೇಟೆಗೆ ಹೋಗುವ ದಿನ ತಗೊಳ್ಳುತ್ತಿರಲಿಲ್ಲ. ಬಸ್ಸಿನಲ್ಲಿ ಗಂಟೆಗಿಂತ ಜಾಸ್ತಿ ಕೂರಬೇಕು, ನಡುವೆ ಎಲ್ಲಿ ಇಳಿಯುವುದು? ಮೊಮ್ಮಗಳ ಹೆರಿಗೆ ಆಗಿ ಅವಳು ಪೇಟೆಯ ಆಸ್ಪತ್ರೆಯಲ್ಲಿದ್ದಳು. ಹಾಗಾಗಿ ವಾರಕ್ಕೆ ನಾಲ್ಕೈದು ದಿನ ಪೇಟೆಗೆ ಹೋಗುವುದು ಇತ್ತು. ಇದು ಸೊಸೆಗೂ ಗೊತ್ತಿರಲಿಲ್ಲ.

ಕಾರಣ ಸಿಕ್ಕಿತು ಅಂತ ಖುಷಿ ಆಯಿತು. ಆದರೆ ಉಸಿರಾಡಲು ಕಷ್ಟಪಡುವವರನ್ನು ನಾವು ಒಂಬತ್ತು ಮಂದಿ ಮಾತಾಡಿಸಿದೆವು ಎನ್ನುವುದು ಮನಸ್ಸಿನಿಂದ ಹೋಗುತ್ತಿಲ್ಲ. ಇಲ್ಲಿ ಡಾಕ್ಟರುಗಳು, ನರ್ಸುಗಳು, ರೋಗಿಯ ಮನೆಯವರು ಎಲ್ಲರೂ ಇದ್ದೀರಿ. ತೊಂದರೆ ಕೊಡದೆ ಕಲಿಯುವುದು ಹೇಗೆ? ಇನ್ನೊಂದು, ನನ್ನ ಮಲಯಾಳ ಇನ್ನೂ ತಡವರಿಸುತ್ತದೆ. ತುಳು, ಕನ್ನಡದವರ ಹತ್ತಿರ ಸಿಗುವ ವಿಷಯ ಮಲಯಾಳದವರ ಹತ್ತಿರ ನನಗೆ ಸಿಗುತ್ತಿಲ್ಲ.

ಶಿರಿಯ ಹೊಳೆ:
ಬಹಳ ಒಳ್ಳೆಯ ಪ್ರಶ್ನೆ ತಂಗಿ. ಅಜ್ಜಿ ಈಗ ಹೇಗಿದ್ದಾರೆ?

ಪೆರ್ಲದ ಹುಡುಗಿ:
ಕಾಲಿನ ಬಾವು ಇಳಿದಿದೆ ಅಣ್ಣ. ಮೊನ್ನೆ ರಾತ್ರಿ ಮಲಗಿ ನಿದ್ದೆ ಮಾಡಿದರು.

ನರ್ಸಕ್ಕ:
21 ವರ್ಷ ವಾರ್ಡಿನಲ್ಲಿ ಇದ್ದವಳು ಹೇಳುತ್ತೇನೆ ಕೇಳು ಮಗಳೇ. ಬೆಳಿಗ್ಗೆ 9 ಗಂಟೆ ಎಂದರೆ ವಾರ್ಡಿನಲ್ಲಿ ಎಲ್ಲವೂ ಒಟ್ಟಿಗೆ ನಡೆಯುವ ಹೊತ್ತು. ರೌಂಡ್ಸ್, ಇಂಜೆಕ್ಷನ್, ರಕ್ತ ತೆಗೆಯುವುದು, ಹಾಸಿಗೆ ಬದಲಿಸುವುದು. ಆಗ ಯಾರು ತಾನೇ ಮನಸ್ಸು ಬಿಚ್ಚಿ ಮಾತಾಡುತ್ತಾರೆ? ನೀನು ಮಧ್ಯಾಹ್ನ ಮೂರರ ಮೇಲೆ ಹೋಗು. ಊಟ ಆಗಿ, ಒಂದು ನಿದ್ದೆ ಆಗಿ, ಚಾ ಬರುವ ಮೊದಲು. ಡ್ಯೂಟಿಯಲ್ಲಿರುವ ಸಿಸ್ಟರನ್ನು ಒಂದು ಮಾತು ಕೇಳಿ ಹೋಗು. ಯಾರಿಗೆ ಇವತ್ತು ಆಗುವುದಿಲ್ಲ, ಯಾರಿಗೆ ಮಾತಾಡುವವರು ಬೇಕು ಅಂತ ನಮಗೆ ಗೊತ್ತಿರುತ್ತದೆ.

ನಿಂತುಕೊಂಡು ಕೇಳಬೇಡ. ಸ್ಟೂಲ್ ಎಳೆದು ಕುಳಿತುಕೋ. ಮುಟ್ಟುವ ಮೊದಲು ಎರಡು ಕೈಯನ್ನೂ ಉಜ್ಜಿ ಬಿಸಿ ಮಾಡು. ಸ್ಟೆತ್ ತಣ್ಣಗಿದ್ದರೆ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಇಡು. ಪರದೆ ಎಳೆಯದೆ ಯಾರ ಸೆರಗನ್ನೂ ಸರಿಸಬೇಡ. ಇಷ್ಟು ಮಾಡಿದರೆ ನಿನ್ನನ್ನು ಯಾರೂ ಬೇಡ ಅನ್ನುವುದಿಲ್ಲ.

ಮಧೂರು ಮಾಣಿ:
ನಾನು ಬೇರೆ ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಬೇಡಿ. ನಾಲ್ಕು ವರ್ಷದ ಹಿಂದೆ ಅಪ್ಪನನ್ನು ಒಂದು ಟೀಚಿಂಗ್ ಆಸ್ಪತ್ರೆಯಲ್ಲಿ ಸೇರಿಸಿದ್ದೆವು. ಲಿವರ್ ದೊಡ್ಡದಾಗಿತ್ತು. ಒಂದೇ ಬೆಳಿಗ್ಗೆ ಹನ್ನೆರಡು ಮಂದಿ ಹೊಟ್ಟೆ ಒತ್ತಿದರು. ನಾನು ಪಕ್ಕದಲ್ಲೇ ಇದ್ದೆ, ಎಣಿಸಿದ್ದೇನೆ. ಒಬ್ಬರೂ ಅಪ್ಪನ ಮುಖ ನೋಡಲಿಲ್ಲ. ಅಪ್ಪ ಬೇಡ ಅನ್ನಲೇ ಇಲ್ಲ. ಮನೆಗೆ ಬಂದ ಮೇಲೆ ಕೇಳಿದೆ. "ಬೇಡ ಅಂದರೆ ಮದ್ದು ಸರಿಯಾಗಿ ಕೊಡದಿದ್ದರೆ?" ಅಂದರು.

ಹಾಗಾಗಿ ಯಾರೂ ಬೇಡ ಅನ್ನುವುದಿಲ್ಲ ಅಂತ ನರ್ಸಕ್ಕ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಬಡವರು ಬೇಡ ಅನ್ನದೆ ಇರುವುದಕ್ಕೆ ಕಾರಣ ಹೆದರಿಕೆ.

ಇಂಟರ್ನ್ ಚೇವಾರು:
ಅಣ್ಣ, ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಒಂದು ಮಾತು. ಹೊಟ್ಟೆ ಮುಟ್ಟದೆ ಲಿವರ್ ಯಾವುದು, ಸ್ಪ್ಲೀನ್ (ಗುಲ್ಮ) ಯಾವುದು ಅಂತ ಯಾರಿಗೂ ಕಲಿಸಲು ಆಗುವುದಿಲ್ಲ. ಮೊದಲ ಹತ್ತು ಹೊಟ್ಟೆಯಲ್ಲಿ ನನಗೆ ಏನೂ ಗೊತ್ತಾಗಲಿಲ್ಲ. ಹನ್ನೊಂದನೆಯದರಲ್ಲಿ ಬೆರಳ ತುದಿಗೆ ಒಂದು ಅಂಚು ಬಂದು ತಾಗಿತು. ಅದನ್ನು ಓದಿ ತಿಳಿಯಲು ಆಗುವುದಿಲ್ಲ. ಇವತ್ತು ನಿಮ್ಮ ಅಪ್ಪನಿಗೆ ಮದ್ದು ಕೊಡುವ ಡಾಕ್ಟರ್ ಕೂಡ ಯಾರದೋ ಅಪ್ಪನ ಹೊಟ್ಟೆಯಿಂದಲೇ ಕಲಿತದ್ದು.

ಮಧೂರು ಮಾಣಿ:
ಕಲಿಯಬೇಡಿ ಅಂತ ನಾನು ಹೇಳಲಿಲ್ಲ. ಕೇಳಿ ಮುಟ್ಟಿ ಅಂದೆ. ಹನ್ನೆರಡು ಮಂದಿಯಲ್ಲಿ ಒಬ್ಬರಾದರೂ ಹೆಸರು ಹೇಳಿ, ನಾನು ಕಲಿಯುವವನು, ನೋಡಬಹುದಾ ಅಂತ ಕೇಳಬಹುದಿತ್ತಲ್ವಾ?

ಇಂಟರ್ನ್ ಚೇವಾರು:
ಅದು ನಿಜ. ನಾನೂ ಎಷ್ಟೋ ಸಲ ಕೇಳಿಲ್ಲ. ತಪ್ಪು ನಮ್ಮದೇ.

ಬದಿಯಡ್ಕದ ಹಳೇ ಡಾಕ್ಟರ್:
ಮಾಣಿಯ ಮಾತು ಸರಿ. ನಾನು ಓದುವಾಗ ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ಸರ್ ಬೆಡ್ಡಿನ ಹತ್ತಿರ ನಿಂತು ಇಂಗ್ಲಿಷಿನಲ್ಲಿ ಮಾತಾಡುವುದು, ರೋಗಿ ನಮ್ಮ ಮುಖ ನೋಡುತ್ತಾ ಮಲಗಿರುವುದು. 2019ರಲ್ಲಿ ಪಠ್ಯಕ್ರಮ ಬದಲಾದ ಮೇಲೆ ರೋಗಿಯ ಹತ್ತಿರ ಹೇಗೆ ಮಾತಾಡಬೇಕು, ಒಪ್ಪಿಗೆ ಹೇಗೆ ಕೇಳಬೇಕು ಎನ್ನುವುದನ್ನೂ ಪಾಠವಾಗಿ ಸೇರಿಸಿದ್ದಾರೆ. ಮೊದಲ ವರ್ಷದಿಂದಲೇ ರೋಗಿಯನ್ನು ನೋಡಲು ಕರೆದುಕೊಂಡು ಹೋಗುತ್ತಾರೆ. ಅದು ಒಳ್ಳೆಯದಾಯಿತು.

ಚೇವಾರಿನ ತಮ್ಮನಿಗೆ ಒಂದು ವಿಷಯ. ಸ್ಪ್ಲೀನ್ ಎರಡು ಮೂರು ಪಟ್ಟು ದೊಡ್ಡದಾಗದೆ ಕೈಗೆ ಸಿಗುವುದೇ ಇಲ್ಲ. ಮೊದಲ ಹತ್ತರಲ್ಲಿ ನಿನಗೆ ಸಿಗದೇ ಇದ್ದದ್ದು ನಿನ್ನ ತಪ್ಪಲ್ಲದೆಯೂ ಇರಬಹುದು. ಬಲಗಡೆ ಕೆಳಹೊಟ್ಟೆಯಿಂದ ಶುರು ಮಾಡಿ ಎಡಪಕ್ಕೆಲುಬಿನ ಕಡೆ ಓರೆಯಾಗಿ ಬರಬೇಕು. ರೋಗಿ ಉಸಿರು ಎಳೆದಾಗ ಅದೇ ಕೆಳಗೆ ಬಂದು ಬೆರಳಿಗೆ ತಾಗುತ್ತದೆ, ನಾವು ಅಗೆದು ಹುಡುಕುವುದಲ್ಲ. ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲೆ ಇರಬೇಕು. ನೋವಾದರೆ ಬಾಯಿ ಬಿಡುವ ಮೊದಲೇ ಹುಬ್ಬು ಹೇಳುತ್ತದೆ.

ನರ್ಸಕ್ಕ:
ಮಾಣಿ, ನಾನು ಹೇಳಿದ್ದು ತಪ್ಪಾಯಿತು. ಹೆದರಿ ಸುಮ್ಮನಿರುವವರನ್ನು ನಾನೂ ಕಂಡಿದ್ದೇನೆ.

ಹೊಸಂಗಡಿ ಬಸ್‌ಸ್ಟ್ಯಾಂಡ್:
ಭಾಷೆಯ ವಿಷಯಕ್ಕೆ ಬರುತ್ತೇನೆ. ನಾನು ಇಂಟರ್ನ್‌ಶಿಪ್ ಮಾಡಿದ್ದು ಮಂಗಳೂರಿನಲ್ಲಿ. ನನ್ನ ಜೊತೆ ಧಾರವಾಡ ಕಡೆಯ ಗೆಳೆಯ ಇದ್ದ. ತುಂಬ ಚುರುಕು. ಒಂದು ರಾತ್ರಿ ಕ್ಯಾಶುವಲ್ಟಿಗೆ ಕಾಞಂಗಾಡಿನಿಂದ ಒಂದು ಮಗುವನ್ನು ಕರೆದುಕೊಂಡು ಬಂದರು. ತಾಯಿ "ಛರ್ದಿ, ಛರ್ದಿ" ಅಂತ ಹೇಳುತ್ತಿದ್ದರು. ಇವನು ಸರ್ದಿ ಅಂತ ಕೇಳಿಸಿಕೊಂಡ. ಅವನ ಊರಲ್ಲಿ ಸರ್ದಿ ಎಂದರೆ ಶೀತ. ಚೀಟಿಯಲ್ಲಿ ನೆಗಡಿ ಅಂತ ಬರೆದ. ನಾನು ಪಕ್ಕದಲ್ಲಿ ಇದ್ದ ಕಾರಣ ಗೊತ್ತಾಯಿತು. ಮಲಯಾಳದಲ್ಲಿ ಛರ್ದಿ ಎಂದರೆ ವಾಂತಿ. ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನಕ್ಕೆ ಇಳಿಯುತ್ತಿತ್ತು, ಅಷ್ಟು ನೀರು ಹೋಗಿತ್ತು. ಕೂಡಲೇ ಡ್ರಿಪ್ ಹಾಕಿದರು.

ಪೆರ್ಲದ ತಂಗಿ, ಮೊದಲು ಇಷ್ಟು ಬರೆದುಕೋ. ಪನಿ ಎಂದರೆ ಜ್ವರ. ಚುಮ ಎಂದರೆ ಕೆಮ್ಮು. ನೀರ್ ಎಂದರೆ ಕುಡಿಯುವ ನೀರು ಅಂತ ತಿಳಿಯಬೇಡ, ಬಾವು. ವಯರಿಳಕ್ಕಂ ಎಂದರೆ ಭೇದಿ. ಕ್ಷೀಣಂ ಎಂದರೆ ಸುಸ್ತು. ತಲಕರಕ್ಕಂ ಎಂದರೆ ತಲೆ ತಿರುಗುವುದು.

ಕುಂಬಳೆ ಸೀಮೆ:
ಕ್ಷೀಣಂ ಬರೀ ಸುಸ್ತಲ್ಲ. ಹೆಂಗಸರು ಕ್ಷೀಣಂ ಅಂದಾಗ ರಕ್ತ ಕಡಿಮೆ ಇದೆಯಾ, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತದಾ ಅಂತಲೂ ಕೇಳಬೇಕು.

ಹವ್ಯಕರ ಮನೆ ಸೊಸೆ:
ನಮ್ಮ ಅತ್ತೆಯವರಿಗೆ ಎಷ್ಟು ಕಷ್ಟ ಆದರೂ ಬಾಯಲ್ಲಿ ಬರುವುದು ಒಂದೇ ಮಾತು, "ಎನಗೆ ಎಡಿತ್ತಿಲ್ಲೆ". ನನಗೆ ಆಗುವುದಿಲ್ಲ ಅಂತ ಅರ್ಥ. ಹೊಟ್ಟೆನೋವಿಗೂ ಅದೇ, ಸುಸ್ತಿಗೂ ಅದೇ. ಕಳೆದ ವರ್ಷ ಹಾಗೆ ಅಂದಾಗ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕೊಟ್ಟೆವು. ಬೆವರು ನಿಲ್ಲಲಿಲ್ಲ. ಎದೆನೋವು ಉಂಟಾ ಅಂತ ಕೇಳಿದರೆ ಇಲ್ಲ ಅಂದರು. ಆಸ್ಪತ್ರೆಯಲ್ಲಿ ಒಬ್ಬಳು ಸ್ಟೂಡೆಂಟ್ ಹುಡುಗಿ ಇದ್ದಳು. ಶುಗರ್ ಎಷ್ಟು ವರ್ಷದಿಂದ ಉಂಟು ಅಂತ ಕೇಳಿದವಳೇ ಓಡಿ ಹೋಗಿ ಇಸಿಜಿ ಮಾಡಲು ಹೇಳಿದಳು. ಹಾರ್ಟ್ ಅಟ್ಯಾಕ್. ಆ ಹುಡುಗಿಯ ಹೆಸರು ಕೂಡ ನಾವು ಕೇಳಲಿಲ್ಲ. ಹಾಗಾಗಿ ಸ್ಟೂಡೆಂಟ್ಸ್ ಬಂದರೆ ನಮಗೆ ತೊಂದರೆ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಬದಿಯಡ್ಕದ ಹಳೇ ಡಾಕ್ಟರ್:
ಎಲ್ಲರೂ ಇದನ್ನು ಓದಿ. ಶುಗರ್ ಇದ್ದವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಎದೆನೋವು ಇಲ್ಲದೆಯೇ ಅಟ್ಯಾಕ್ ಆಗಬಹುದು. ಬೆವರು, ಉಬ್ಬಸ, ಹೊಟ್ಟೆ ತೊಳಸುವುದು, ದವಡೆನೋವು, ಇಷ್ಟೇ ಇರಬಹುದು. ಅನುಮಾನ ಬಂದರೆ ಆಸ್ಪತ್ರೆ ಮುಟ್ಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಗ್ಯಾಸ್ ಎಂದು ಮನೆಯಲ್ಲೇ ಕಳೆಯುವ ಒಂದು ಗಂಟೆ ಆಮೇಲೆ ಸಿಗುವುದಿಲ್ಲ.

ತೋಟದ ಮನೆ, ನೀರ್ಚಾಲು:
ಇಎನ್‌ಟಿ (ಕಿವಿ, ಮೂಗು, ಗಂಟಲು) ಪೋಸ್ಟಿಂಗಿನಲ್ಲಿ ಅಡಿಕೆಯ ಬಗ್ಗೆ ನಿಮಗೆ ಏನು ಕಲಿಸುತ್ತಾರೆ? ನನ್ನ ಮಗನೂ ಮೆಡಿಕಲ್ ಓದುತ್ತಿದ್ದಾನೆ. ಮನೆಗೆ ಬಂದವನು ಅಜ್ಜನ ಎಲೆಡಿಕೆ ತಟ್ಟೆಯನ್ನೇ ಅಟ್ಟದ ಮೇಲೆ ಇಟ್ಟ. ನಾವು ಅಡಿಕೆಯಲ್ಲೇ ಅವನನ್ನು ಓದಿಸುತ್ತಿರುವುದು. ಕೆಟ್ಟದ್ದು ಗುಟ್ಕಾ, ಹೊಗೆಸೊಪ್ಪು. ಬರೀ ಅಡಿಕೆಗೆ ಯಾಕೆ ಬೈಯುವುದು?

ಇಂಟರ್ನ್ ಚೇವಾರು:
ಮಾವ, ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಾನು ಕಣ್ಣಲ್ಲಿ ಕಂಡದ್ದನ್ನು ಹೇಳುತ್ತೇನೆ. ಬಾಯಿ ತೆರೆದರೆ ನಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹೋಗಬೇಕು. ನಿಮ್ಮ ಮಗನ ವಯಸ್ಸಿನ ಒಬ್ಬನಿಗೆ ಒಂದು ಬೆರಳು ಕಷ್ಟದಲ್ಲಿ ಹೋಯಿತು. ಕೆನ್ನೆಯ ಒಳಗೆ ಹಗ್ಗ ಎಳೆದ ಹಾಗೆ ಬಿಗಿ. ಖಾರ ಮುಟ್ಟಿದರೆ ಉರಿ. ಅನ್ನ ತಿನ್ನಲು ಚಮಚದ ತುದಿ ಬೇಕು. ನಮ್ಮ ಮನೆಯಲ್ಲೂ ಅಡಿಕೆಯೇ ಬೆಳೆ. ಹೇಳಲು ನನಗೂ ಕಷ್ಟವೇ.

ತೋಟದ ಮನೆ, ನೀರ್ಚಾಲು:
ನನ್ನ ಅಜ್ಜ 90ರ ತನಕ ಜಗಿದರು, ಏನೂ ಆಗಲಿಲ್ಲ. ಒಪ್ಪಲು ಮನಸ್ಸು ಬರುವುದಿಲ್ಲ ತಮ್ಮ. ಆದರೆ ಮಗನ ಹತ್ತಿರ ಇನ್ನೊಮ್ಮೆ ಮಾತಾಡುತ್ತೇನೆ.

ಪಯಸ್ವಿನಿ:
ತೋಟದ ಮಾತು ಬಂತಲ್ಲ, ಹಾವಿನ ವಿಷಯ ಹೇಳಲೇಬೇಕು. ನಾನು ಕ್ಯಾಶುವಲ್ಟಿಯಲ್ಲಿ ಅತಿ ಜಾಸ್ತಿ ಕಲಿತದ್ದು ಒಂದು ಗಾಜಿನ ಟ್ಯೂಬಿನಿಂದ. ಹಾವು ಕಚ್ಚಿದವರ 2 ಎಂಎಲ್ ರಕ್ತವನ್ನು ಒಣಗಿದ ಸ್ವಚ್ಛ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಬೇಕು. ಮತ್ತೆ ನಿಧಾನಕ್ಕೆ ವಾಲಿಸಿ ನೋಡುವುದು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಹತ್ತಿದೆ ಅಂತ. ಪ್ಲಾಸ್ಟಿಕ್ ಟ್ಯೂಬ್ ಆಗದು, ಸೋಪು ಹಾಕಿ ತೊಳೆದದ್ದೂ ಆಗದು. ಆ 20 ನಿಮಿಷ ಟ್ಯೂಬಿನ ಪಕ್ಕದಲ್ಲಿ ನಾನು, ಎದುರಿನಲ್ಲಿ ಕಚ್ಚಿಸಿಕೊಂಡವರ ಹೆಂಡತಿ. ಇಬ್ಬರೂ ಗಡಿಯಾರ ನೋಡುತ್ತಾ ಕುಳಿತದ್ದು ಇವತ್ತಿಗೂ ಮರೆತಿಲ್ಲ.

ನಮ್ಮಲ್ಲಿ ಸಿಗುವ ವಿಷದ ಮದ್ದು ನಾಲ್ಕು ಹಾವುಗಳಿಗೆ. ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ. ಆದರೆ ನಮ್ಮ ಅಡಿಕೆ, ರಬ್ಬರ್ ತೋಟಗಳಲ್ಲಿ ಮೂಗಿನ ತುದಿ ಮೇಲಕ್ಕೆ ಎದ್ದಿರುವ ಒಂದು ಸಣ್ಣ ಮಂಡಲದ ಹಾವೂ ಇದೆ. ಅದಕ್ಕೆ ಈ ಮದ್ದು ಹಿಡಿಯುವುದಿಲ್ಲ. ಕಿಡ್ನಿ ಹೋಗುವುದೂ ಉಂಟು. ಕೊಳಕುಮಂಡಲದ ಮರಿ ಅಂತ ತಪ್ಪು ತಿಳಿಯುವವರು ತುಂಬ. ಹಾವನ್ನು ಹಿಡಿದು ತರಬೇಡಿ. ಸಾಧ್ಯವಾದರೆ ದೂರದಿಂದ ಒಂದು ಫೋಟೋ ತೆಗೆಯಿರಿ, ಸಾಕು. ಕಚ್ಚಿದ ಕೈಗೋ ಕಾಲಿಗೋ ಹಗ್ಗ ಬಿಗಿಯಬೇಡಿ.

ಕಾಸ್ರೋಡು ಕಾಕ:
ಹಗ್ಗದ ವಿಷಯ ಇನ್ನೊಮ್ಮೆ ದೊಡ್ಡದಾಗಿ ಹೇಳಿ. ಊರಲ್ಲಿ ಈಗಲೂ ಬಿಗಿಯುತ್ತಾರೆ.

ಸ್ವರ್ಗದವನು:
ನನ್ನ ಊರು ಎಣ್ಮಕಜೆಯ ಸ್ವರ್ಗ. ಪೆರ್ಲದವಳು ಅಂದರೆ ನಮ್ಮ ಪಕ್ಕದವಳೇ. ನಿನಗೆ ಒಂದು ವಿಷಯ ನೆನಪಿಸುತ್ತೇನೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ನಮ್ಮ ಮಕ್ಕಳಿಗೆ ಏನಾಗುತ್ತಿದೆ ಅಂತ ಮೊದಲು ಕಂಡವರಲ್ಲಿ ಪಡ್ರೆ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ಒಬ್ಬರು. ಅವರ ಹತ್ತಿರ ದೊಡ್ಡ ಲ್ಯಾಬ್ ಇರಲಿಲ್ಲ. ಹಳ್ಳಿಯ ಕ್ಲಿನಿಕ್. ಒಂದೇ ಸಣ್ಣ ಜಾಗದಿಂದ ಇಷ್ಟೊಂದು ಮಂದಿ ಯಾಕೆ ಬರುತ್ತಿದ್ದಾರೆ ಅಂತ ಗಮನಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಲ್ಲಿಸಿತು. 2017ರಲ್ಲಿ ಅದರಿಂದ ತೊಂದರೆಯಾದ ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿ ಕೊಡಿ ಎಂದಿತು. ಅಲ್ಲಿಯವರೆಗೆ ಎಷ್ಟು ವರ್ಷ ಹೋಯಿತು ನೋಡು.

ನೀನು ಅಜ್ಜಿಯನ್ನು ಮೊದಲು ಕೇಳಿದ್ದು ಮನೆ ಎಲ್ಲಿ, ತೋಟ ಉಂಟಾ ಅಂತ. ಅದನ್ನು ಬಿಡಬೇಡ.

ಬೇಕಲದ ಗಾಳಿ:
ಎಲ್ಲ ಸರಿ. ಆದರೆ ನಮ್ಮ ಜಿಲ್ಲೆಯವರು ಚಿಕಿತ್ಸೆಗೂ ಹೊರಗೆ, ಕಲಿಯಲೂ ಹೊರಗೆ ಹೋದದ್ದು ಎಷ್ಟು ವರ್ಷ? ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್ ತಡೆದು ನಿಲ್ಲಿಸಿದರು. ಮಂಗಳೂರು ಮುಟ್ಟಲಾಗದೆ ಜನ ತೀರಿಕೊಂಡರು. ಆಗ ಅವಸರದಲ್ಲಿ ಅದೇ ಕಟ್ಟಡವನ್ನು ಕೋವಿಡ್ ಆಸ್ಪತ್ರೆ ಮಾಡಿದರು. ಅಷ್ಟರವರೆಗೆ ಯಾರಿಗೂ ಕಾಣಲಿಲ್ಲವಾ?

ಗಡಿನಾಡ ಕನ್ನಡಿಗ:
ಆಸ್ಪತ್ರೆಯ ಬೋರ್ಡಿನಲ್ಲಿ ಕನ್ನಡ ಹಾಕಲೂ ಜಗಳ ಮಾಡಬೇಕು. ಕಾಸರಗೋಡು, ಮಂಜೇಶ್ವರ ತಾಲೂಕು ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಕಾಗದದಲ್ಲಿ ಮಾತ್ರ ಇದೆ.

ಪಯ್ಯನ್ನೂರು ಗೆಳತಿ:
ನಾನು ಮಲಯಾಳಿ, ಕನ್ನಡ ಕಲಿತವಳು. ಬೋರ್ಡು ಬೇಕು, ಒಪ್ಪುತ್ತೇನೆ. ಆದರೆ ಆ ಎಂಟು ಮಂದಿಗೆ ತುಳು ಬರಲಿಲ್ಲ ಅಂತ ಅವರನ್ನು ಕೆಟ್ಟವರು ಮಾಡಬೇಡಿ. ಅವರಿಗೆ ಯಾರು ಹೇಳಿಕೊಡಬೇಕು? ಪೆರ್ಲದ ಗೆಳತಿ, ನಿನ್ನ ಬ್ಯಾಚಿನವರಿಗೆ ನೀನು ಹತ್ತು ತುಳು ಪ್ರಶ್ನೆ ಕಲಿಸು. ಅವರಿಂದ ಹತ್ತು ಮಲಯಾಳ ಪ್ರಶ್ನೆ ಕಲಿ. ನಾನು ಕನ್ನಡ ಕಲಿತದ್ದು ಹಾಗೆಯೇ, ಹಾಸ್ಟೆಲಿನ ಊಟದ ಮೇಜಿನಲ್ಲಿ. ವ್ಯಾಕರಣ ತಪ್ಪಿದರೆ ರೋಗಿಗಳು ಬೇಜಾರು ಮಾಡುವುದಿಲ್ಲ. "ಮೋಳೇ, ಅಂಙನೆ ಅಲ್ಲ" (ಮಗಳೇ, ಹಾಗಲ್ಲ) ಅಂತ ಅವರೇ ತಿದ್ದುತ್ತಾರೆ. ತಿದ್ದುವಾಗ ಇನ್ನೂ ನಾಲ್ಕು ಮಾತು ಜಾಸ್ತಿ ಆಡುತ್ತಾರೆ.

ಶಿರಿಯ ಹೊಳೆ:
ಈ ಮಾತು ನನಗೆ ಬಹಳ ಹಿಡಿಸಿತು.

ಆಶಾ ಅಕ್ಕ:
ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಬಂದಾಗ ಅದನ್ನು ರಜೆ ಅಂತ ಕಳೆಯಬೇಡಿ ಮಕ್ಕಳೇ. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳಲು ಹೋಗುವ ಪಾಲಿಯೇಟಿವ್ ಜೀಪಿನಲ್ಲಿ ನಮ್ಮ ಜೊತೆ ಬನ್ನಿ. ಕೇರಳದಲ್ಲಿ 2008ರಿಂದ ಇದಕ್ಕೆ ಸರಕಾರದ ನೀತಿಯೇ ಇದೆ, ಪಂಚಾಯತಿನಿಂದ ಮನೆ ಮನೆಗೆ ಹೋಗುತ್ತೇವೆ. ಕಳೆದ ಮಳೆಗಾಲದಲ್ಲಿ ಒಬ್ಬ ಸ್ಟೂಡೆಂಟ್ ಹುಡುಗ ಬಂದಿದ್ದ. ಆರು ವರ್ಷದಿಂದ ಮಲಗಿದಲ್ಲೇ ಇರುವ ಒಬ್ಬರ ಮನೆ. ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಬಲ ಇಲ್ಲ. ಬೆನ್ನಲ್ಲಿ ಒಂದು ಹುಣ್ಣೂ ಇರಲಿಲ್ಲ. ಹುಡುಗ ಆಶ್ಚರ್ಯದಿಂದ ಏನು ಮದ್ದು ಅಂತ ಕೇಳಿದ. ಹೆಂಡತಿ ಅಡುಗೆಮನೆಯಿಂದ ಒಂದು ಅಲಾರಂ ಗಡಿಯಾರ ತಂದು ತೋರಿಸಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ರಾತ್ರಿಯೂ. ಆ ಹುಡುಗ ವಾಪಸು ಬರುವಾಗ ಜೀಪಿನಲ್ಲಿ ಒಂದು ಮಾತೂ ಆಡಲಿಲ್ಲ.

ಪೆರ್ಲದ ಹುಡುಗಿ:
ಎಲ್ಲವನ್ನೂ ಎರಡೆರಡು ಸಲ ಓದಿದೆ. ಮಧೂರಿನ ಅಣ್ಣ, ನಿಮ್ಮ ಅಪ್ಪನ ಮಾತು ನನ್ನ ಬ್ಯಾಚಿನವರಿಗೆಲ್ಲ ಹೇಳಿದೆ. ಇನ್ನು ಒಬ್ಬ ರೋಗಿಯ ಹತ್ತಿರ ದಿನಕ್ಕೆ ಇಬ್ಬರು ಮಾತ್ರ ಹೋಗುವುದು, ಅವರು ಕೇಳಿದ್ದನ್ನು ಉಳಿದವರಿಗೆ ಹೇಳುವುದು ಅಂತ ನಾವೇ ಮಾತಾಡಿಕೊಂಡಿದ್ದೇವೆ. ಸರ್ ಕೂಡ ಒಪ್ಪಿದರು. ಹೆಸರು ಹೇಳಿ, ಕೇಳಿಯೇ ಮುಟ್ಟುತ್ತೇವೆ. ಬೇಡ ಅಂದರೂ ಮದ್ದಿಗೆ ಏನೂ ತೊಂದರೆ ಇಲ್ಲ ಅಂತ ಮೊದಲೇ ಹೇಳುತ್ತೇವೆ. ಹತ್ತು ತುಳು ಪ್ರಶ್ನೆ ಇವತ್ತು ಹಾಸ್ಟೆಲಿನಲ್ಲಿ ಶುರುವಾಯಿತು. "ಓಲು ಬೇನೆ?" (ಎಲ್ಲಿ ನೋವು?) ಎಲ್ಲರಿಗೂ ಬಂತು.

ಅಜ್ಜಿಗೆ ನಾಳೆ ಡಿಸ್ಚಾರ್ಜ್. ಪೇಟೆಗೆ ಹೋಗುವ ದಿನ ಆ ಮಾತ್ರೆಯನ್ನು ಬಿಡುವ ಬದಲು ಮನೆಗೆ ಬಂದ ಮೇಲೆ, ಸಂಜೆಯೊಳಗೆ ತಗೊಳ್ಳಬಹುದು ಅಂತ ಸರ್ ಹೇಳಿದರು. ಚೀಟಿಯಲ್ಲಿ ಇಂಗ್ಲಿಷು, ಹೊರಗಿನ ಕವರಿನಲ್ಲಿ ಮಲಯಾಳ. ಅಜ್ಜಿಗೆ ಓದಲು ಬರುವುದು ಕನ್ನಡ. ಹಾಗಾಗಿ ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ "ಪೇಟೆಗೆ ಹೋದ ದಿನ ಮನೆಗೆ ಬಂದ ಮೇಲೆ" ಅಂತ ಬರೆದು ಕೊಟ್ಟೆ. ಅಜ್ಜಿ ಕನ್ನಡಕ ಹಾಕಿ ಎರಡು ಸಲ ಗಟ್ಟಿಯಾಗಿ ಓದಿದರು.

ನರ್ಸಕ್ಕ:
ಸ್ಟ್ರಿಪ್ಪಿನ ಹಿಂದೆ ಬರೆದರೆ ಮಾತ್ರೆ ಒತ್ತಿ ತೆಗೆಯುವಾಗ ಅಕ್ಷರ ಹರಿದು ಹೋಗುತ್ತದೆ ಮಗಳೇ. ಒಂದು ರಟ್ಟಿನ ತುಂಡಿನಲ್ಲಿ ಬರೆದು, ಆ ಮಾತ್ರೆಯ ಒಂದು ಖಾಲಿ ಸ್ಟ್ರಿಪ್ ಅಂಟಿಸಿ ಕೊಡು. ಯಾವ ಮಾತ್ರೆ ಅಂತ ಗೊತ್ತಾಗಬೇಕಲ್ಲ. ಸೊಸೆಗೂ ತೋರಿಸು.

ಪೆರ್ಲದ ಹುಡುಗಿ:
ಸರಿ ಅಕ್ಕ. ನಾಳೆ ಬೆಳಿಗ್ಗೆ 8ಕ್ಕೇ ಹೋಗಿ ಕೊಡುತ್ತೇನೆ. ಅವರ ಬಸ್ಸು 10ಕ್ಕೆ.